ನಾರುಹುಣ್ಣು ನಮ್ಮ ಸೀಮೆ ಬಿಟ್ಟು ಹೋದ ಬಗೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂತಸದ ಗಳಿಗೆಯಲ್ಲಿ ಶಾಲೆಗೆ ಜಾಗ ಕೊಟ್ಟವರನ್ನು, ಕಲಿಸಿದ ಗುರುಗಳನ್ನು, ಹೆಸರು ಮಾಡಿದ ವಿದ್ಯಾರ್ಥಿಗಳನ್ನು ನೆನೆದು ಬರೆಯುವವರು ಅನೇಕರಿದ್ದಾರೆ. ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಬೇರೊಂದು ಇತಿಹಾಸವನ್ನು ಆರಿಸಿಕೊಂಡೆ. ಈ ಐವತ್ತು ವರ್ಷಗಳಲ್ಲಿ ನಮ್ಮ ಭಾಗಕ್ಕೆ ಬಂದದ್ದು ಬಹಳ: ವಿದ್ಯುತ್ತು, ಡಾಂಬರು ರಸ್ತೆ, ಬಸ್ಸು, ನಳದ ನೀರು. ನಮ್ಮನ್ನು ಬಿಟ್ಟು ಹೋದದ್ದೂ ಒಂದಿದೆ, ಅದು ನಾರುಹುಣ್ಣು. ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಈ ಹೆಸರನ್ನೇ ಕೇಳಿಲ್ಲ. ಅದು ಸಂತೋಷದ ಸಂಗತಿ. ಆದರೆ ಅದು ಹೇಗೆ ಹೋಯಿತು ಎಂಬುದನ್ನೂ ಮರೆತರೆ ನಷ್ಟ ನಮಗೇ.

ನಾನು ಈ ಶಾಲೆಯ ಆರಂಭದ ತಂಡಗಳಲ್ಲಿ ಓದಿದವನು. ಮುಂದೆ ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿ ಸೇರಿ, ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ, ಈಗ ನಿವೃತ್ತನಾಗಿದ್ದೇನೆ. ಹೀಗಾಗಿ ಈ ಇತಿಹಾಸದ ಸ್ವಲ್ಪ ಭಾಗವನ್ನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಓದಿ ತಿಳಿದಿದ್ದೇನೆ.

ರೋಗದ ಸ್ವರೂಪ

ಮೊದಲು ಕಿರಿಯರಿಗಾಗಿ ರೋಗದ ಪರಿಚಯ. ಕಾಲಿನಲ್ಲಿ, ಹೆಚ್ಚಾಗಿ ಪಾದ ಅಥವಾ ಮೊಣಕಾಲ ಕೆಳಗೆ, ಒಂದು ಬೊಕ್ಕೆ ಏಳುತ್ತದೆ. ಬೆಂಕಿ ತಾಗಿದಂತೆ ಉರಿ. ಬೊಕ್ಕೆ ಒಡೆದಾಗ ಅದರೊಳಗಿಂದ ಬಿಳಿಯ ದಾರದಂಥ ಹುಳುವಿನ ತುದಿ ಕಾಣುತ್ತದೆ. ಆ ಹುಳು ಎರಡು ಅಡಿಯಿಂದ ಮೂರು ಅಡಿಯವರೆಗೆ ಉದ್ದವಿರುತ್ತದೆ. ಎಳೆದು ಕೀಳುವಂತಿಲ್ಲ. ಎಳೆದರೆ ಒಳಗೇ ಹರಿದು ಕಾಲು ಬಾತು ಕೀವಾಗುತ್ತದೆ, ಕೆಲವರಿಗೆ ಧನುರ್ವಾಯುವೂ ತಗಲುತ್ತಿತ್ತು. ಸಣ್ಣ ಕಡ್ಡಿಗೆ ಅದರ ತುದಿ ಸುತ್ತಿ, ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ನಿಧಾನವಾಗಿ ಹೊರತೆಗೆಯಬೇಕು. ಪೂರ್ತಿ ಬರಲು ವಾರಗಟ್ಟಲೆ ಬೇಕು. ಒಬ್ಬರಿಗೆ ಒಂದೇ ಹುಳು ಎಂಬ ನೇಮವೂ ಇರಲಿಲ್ಲ. ಒಮ್ಮೆ ಬಂದುಹೋದರೆ ಮತ್ತೆ ಬರುವುದಿಲ್ಲ ಎಂಬ ರಕ್ಷಣೆಯೂ ಇರಲಿಲ್ಲ. ವರ್ಷ ವರ್ಷವೂ ಬಂದವರಿದ್ದರು.

ಸಾಯಿಸುವ ರೋಗ ಅಲ್ಲ ಇದು, ಆದರೆ ಮನೆಯನ್ನು ಮುರಿಯುವ ರೋಗ. ನಮ್ಮ ಕಡೆ ಬೇಸಿಗೆಯ ಕೊನೆಗೆ ಬಾವಿಯ ನೀರು ತಳ ಕಂಡಾಗ ಮತ್ತು ಮುಂಗಾರು ಹಿಡಿಯುವ ಹೊತ್ತಿಗೆ ಇದರ ಕಾಟ ಹೆಚ್ಚು. ಅಂದರೆ ಹರಗುವ, ಬಿತ್ತುವ ಕಾಲಕ್ಕೇ ಮನೆಯ ದುಡಿಯುವ ಮನುಷ್ಯ ಕಟ್ಟೆಯ ಮೇಲೆ ಕಾಲು ಚಾಚಿ ಕೂಡುತ್ತಿದ್ದ. ಆಫ್ರಿಕಾದ ಮಾಲಿ ದೇಶದ ಡೋಗಾನ್ ಜನ ಇದನ್ನು ‘ಖಾಲಿ ಕಣಜದ ರೋಗ’ ಎಂದು ಕರೆಯುತ್ತಿದ್ದರಂತೆ. ಅದನ್ನು ಓದಿದಾಗ ಇದು ನಮ್ಮ ಊರಿನವರೇ ಇಟ್ಟ ಹೆಸರು ಅನಿಸಿತು. ಶಾಲೆಯ ಹಾಜರಿ ಪುಸ್ತಕಕ್ಕೂ ಇದರ ಪೆಟ್ಟು ಬೀಳುತ್ತಿತ್ತು. ಹುಣ್ಣು ಮಗುವಿನ ಕಾಲಿಗೇ ಆಗಬೇಕೆಂದಿಲ್ಲ, ತಂದೆಗೆ ಆದರೆ ಮಗ ಎತ್ತಿನ ಹಿಂದೆ, ತಾಯಿಗೆ ಆದರೆ ಮಗಳು ಒಲೆಯ ಮುಂದೆ.

ಹಳೆಯ ತಿಳಿವಳಿಕೆ

ರೋಗ ಬಹಳ ಪುರಾತನವಾದದ್ದು. ಈಜಿಪ್ಟಿನ ಮಮ್ಮಿಯೊಂದರಲ್ಲಿ ಇದರ ಹುಳು ಸುಣ್ಣಗಟ್ಟಿ ಉಳಿದದ್ದು ಸಿಕ್ಕಿದೆ. ಆಯುರ್ವೇದದ ಗ್ರಂಥಗಳಲ್ಲಿ ಇದಕ್ಕೆ ಸ್ನಾಯುಕ ಎಂಬ ಹೆಸರಿದೆ. ಮದೀನಾ ನಗರದ ಹೆಸರು ಸೇರಿಸಿ ವಿಜ್ಞಾನಿಗಳು ಇದನ್ನು ‘ಡ್ರಾಕನ್ಕುಲಸ್ ಮೆಡಿನೆನ್ಸಿಸ್’ ಎಂದು ಕರೆದರು. ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯಲ್ಲಿ ಯುರೋಪಿನವರು ಕಂಡದ್ದರಿಂದ ‘ಗಿನಿ ಹುಳು’ ಎಂಬ ಹೆಸರೂ ಬಂತು.

ನಮ್ಮ ಹಿರಿಯರಿಗೆ ಹುಳುವನ್ನು ಕಡ್ಡಿಗೆ ಸುತ್ತಿ ತೆಗೆಯುವ ವಿದ್ಯೆ ಗೊತ್ತಿತ್ತು, ಅದನ್ನು ತಾಳ್ಮೆಯಿಂದ ಮಾಡುವ ಕೈಗಳು ಪ್ರತಿ ಊರಲ್ಲೂ ಇದ್ದವು. ಆ ಕ್ರಮವನ್ನು ಆಧುನಿಕ ವೈದ್ಯರೂ ಕೈಬಿಡಲಿಲ್ಲ, ಗಾಯವನ್ನು ಶುಚಿಯಾಗಿ ಕಟ್ಟುವುದನ್ನು ಮಾತ್ರ ಸೇರಿಸಿದರು. ಆದರೆ ಹುಳು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಕೆಲವರು ದೇವರ ಸಿಟ್ಟು ಎಂದರು, ಕೆಲವರು ಕೆಟ್ಟ ರಕ್ತ ಎಂದರು, ಇನ್ನು ಕೆಲವರು ಮೈಯೊಳಗಿನ ನರವೇ ಹೊರಬರುತ್ತದೆ ಎಂದು ನಂಬಿದ್ದರು. ಅವರನ್ನು ನೋಡಿ ನಗುವ ಕಾರಣವಿಲ್ಲ. ಇಂದು ಕುಡಿದ ನೀರಿನ ಫಲ ಒಂದು ವರ್ಷದ ಮೇಲೆ ಕಾಲಿನಲ್ಲಿ ಕಂಡರೆ ಎರಡಕ್ಕೂ ನಂಟು ಹಚ್ಚುವುದು ಯಾರಿಗೆ ಸಾಧ್ಯ?

ವಿಜ್ಞಾನ ಕಂಡುಹಿಡಿದದ್ದು

ಆ ನಂಟನ್ನು ಹುಡುಕಿದವರಲ್ಲಿ ಮುಖ್ಯರಾದವರು ರಷ್ಯಾದ ಅಲೆಕ್ಸಿ ಫೆಡ್‌ಚೆಂಕೊ. 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಅಧ್ಯಯನ ಮಾಡುತ್ತಿದ್ದಾಗ, ನಾರುಹುಳುವಿನ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯ ಹೊಟ್ಟೆ ಸೇರಿ ಅಲ್ಲಿ ಬೆಳೆಯುವುದನ್ನು ಅವರು ತೋರಿಸಿದರು. ನಂತರದವರು ಉಳಿದ ಕೊಂಡಿಗಳನ್ನು ಜೋಡಿಸಿದರು. ಆ ಸರಪಳಿ ಹೀಗಿದೆ.

ಹುಣ್ಣಾದ ಮನುಷ್ಯ ಉರಿ ತಡೆಯಲಾರದೆ ಕಾಲನ್ನು ತಣ್ಣೀರಿನಲ್ಲಿ ಇಡುತ್ತಾನೆ, ಇಲ್ಲವೆ ನೀರು ತುಂಬಲು ಮೆಟ್ಟಿಲು ಬಾವಿಗೆ ಇಳಿಯುತ್ತಾನೆ. ನೀರು ತಾಗಿದ ಕೂಡಲೇ ಹೆಣ್ಣು ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಅವನ್ನು ತಿನ್ನುತ್ತದೆ. ಸುಮಾರು ಎರಡು ವಾರದಲ್ಲಿ ಅದರೊಳಗಿನ ಮರಿ ರೋಗ ಹರಡಲು ಸಿದ್ಧವಾಗುತ್ತದೆ. ಆ ನೀರನ್ನು ಯಾರಾದರೂ ಕುಡಿದಾಗ ಹೊಟ್ಟೆಯ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಬದುಕಿ ಕರುಳಿನ ಗೋಡೆ ತೂರಿ ಮೈಯೊಳಗೆ ಸೇರುತ್ತದೆ. ಗಂಡು ಹೆಣ್ಣು ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಸದ್ದಿಲ್ಲದೆ ಬೆಳೆದು, ಹತ್ತರಿಂದ ಹದಿನಾಲ್ಕು ತಿಂಗಳಿಗೆ ಚರ್ಮದ ಬಳಿ ಬಂದು ಬೊಕ್ಕೆ ಎಬ್ಬಿಸುತ್ತದೆ. ಮತ್ತೆ ಉರಿ, ಮತ್ತೆ ನೀರು.

ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ರೋಗಕ್ಕೆ ಲಸಿಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಮೈಯೊಳಗಿನ ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಆದರೆ ಸರಪಳಿಯನ್ನು ಎರಡು ಕಡೆ ಕತ್ತರಿಸಬಹುದು. ಹುಣ್ಣಿನ ಕಾಲು ಕುಡಿಯುವ ನೀರಿಗೆ ತಾಗಬಾರದು. ಸೈಕ್ಲಾಪ್ಸ್ ಇರುವ ನೀರು ಬಾಯಿಗೆ ಹೋಗಬಾರದು. ಒಂದೆರಡು ವರ್ಷ ಈ ಎರಡನ್ನೂ ಎಲ್ಲರೂ ಬಿಡದೆ ಪಾಲಿಸಿದರೆ ರೋಗಕ್ಕೆ ನೆಲೆಯೇ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ ಎಂದು ಮಧ್ಯ ಏಷ್ಯಾದ ಬುಖಾರಾ ನಗರ ಮೊದಲೇ ತೋರಿಸಿತ್ತು. ಅಲ್ಲಿನ ಜನ ಮೆಟ್ಟಿಲುಗಳಿದ್ದ ಕಲ್ಲಿನ ಹೊಂಡಗಳ ನೀರು ಕುಡಿಯುತ್ತಿದ್ದರು, ನಾರುಹುಣ್ಣು ಮನೆಮನೆಯ ಮಾತಾಗಿತ್ತು. ಲಿಯೊನಿಡ್ ಇಸಾಯೆವ್ ಎಂಬ ವೈದ್ಯರ ಮುಂದಾಳತ್ವದಲ್ಲಿ 1920ರ ದಶಕದಲ್ಲಿ ಹೊಂಡಗಳನ್ನು ಶುಚಿಗೊಳಿಸಿ, ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಟ್ಟು, 1930ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ರೋಗವನ್ನು ಇಲ್ಲವಾಗಿಸಿದರು.

ನಮ್ಮ ದೇಶದ ಹೋರಾಟ

ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಕಾಲವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕ ಎಂದು ಸಾರಿತು. ಅದೇ ಹೊತ್ತಿಗೆ, 1983-84ರಲ್ಲಿ, ಭಾರತ ಸರ್ಕಾರ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ದಿಲ್ಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಇದರ ಹೊಣೆ ಹೊತ್ತಿತು. 1984ರ ಲೆಕ್ಕದಂತೆ ಏಳು ರಾಜ್ಯಗಳ 89 ಜಿಲ್ಲೆಗಳ 12,840 ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡುಗಳ ಜೊತೆ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ನಮ್ಮ ರಾಜ್ಯದಲ್ಲಿ ಇದರ ಭಾರ ಹೊತ್ತದ್ದು ಹೆಚ್ಚಾಗಿ ನಮ್ಮ ಉತ್ತರದ ಬಯಲು ಸೀಮೆಯೇ.

ಕಾರ್ಯಕ್ರಮದ ಕೆಲಸಗಳು ಹೇಳಲು ಸರಳ. ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದು. ಹುಣ್ಣು ಶುಚಿಗೊಳಿಸಿ ಪಟ್ಟಿ ಕಟ್ಟಿ, ವಾಸಿಯಾಗುವ ತನಕ ನೀರಿಗಿಳಿಯದಂತೆ ಮನವೊಲಿಸುವುದು. ನೀರು ಸೋಸಲು ಒತ್ತಾದ ನೇಯ್ಗೆಯ ಬಟ್ಟೆ ಕೊಡುವುದು. ಬಾವಿಗಳಿಗೆ ಟೆಮಿಫಾಸ್ ಎಂಬ ಔಷಧಿಯನ್ನು ಅಳತೆಯಂತೆ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು. ಮೆಟ್ಟಿಲು ಬಾವಿಗಳಿಗೆ ಸುತ್ತುಗೋಡೆ ಕಟ್ಟಿ ಹಗ್ಗದಿಂದ ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಸಾಧ್ಯವಿದ್ದಲ್ಲಿ ಕೈಪಂಪು, ಅಂದರೆ ನಮ್ಮ ಜನ ಕರೆಯುವ ಬೋರಿಂಗು, ಹಾಕಿಸುವುದು.

ತಿಳಿಸಿ ಹೇಳುವ ಕೆಲಸ

ಇವುಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ತಿಳಿಸಿ ಹೇಳುವುದು. ಓಣಿಯ ಹಿರಿಯ ತಾಯಿಯೊಬ್ಬರು ನನ್ನನ್ನು ಕೇಳಿದ ಮಾತು ಇನ್ನೂ ನೆನಪಿದೆ: “ಬಾವ್ಯಾಗ ಹುಳ ಅದಾವು ಅಂತೀಯಲ್ಲೋ ತಮ್ಮಾ, ಗಂಗವ್ವನ ಮೈಯಾಗ ಹುಳ ಇರತಾವೇನು?” ಆಕೆಗೆ ರೋಗಶಾಸ್ತ್ರ ಹೇಳಿ ಫಲವಿರಲಿಲ್ಲ. “ಗಂಗವ್ವ ಶುದ್ಧನ ಅದಾಳ ಯವ್ವಾ. ಹುಣ್ಣಿನ ಕಾಲು ಇಟ್ಟು ನಾವ ಆಕಿನ್ನ ಹೊಲಸ ಮಾಡೀವಿ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಹಳೆಯ ಧೋತರ ತಂದು, ಎಷ್ಟು ಪದರ ಮಡಚಬೇಕು ಎಂದು ಕೇಳಿದರು.

ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಣ್ಣು. ಸೈಕ್ಲಾಪ್ಸ್ ಒಂದೆರಡು ಮಿಲಿಮೀಟರ್ ಗಾತ್ರದ್ದು. ಗಾಜಿನ ಲೋಟದಲ್ಲಿ ಬಾವಿಯ ನೀರು ಹಿಡಿದು ಬಿಸಿಲಿಗೆ ಎತ್ತಿದರೆ ಬಿಳಿಯ ಚುಕ್ಕೆಗಳು ಜಿಗಿಜಿಗಿದು ಓಡಾಡುವುದು ಕಾಣುತ್ತದೆ. ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಎತ್ತಿ ತೋರಿಸಿದರೆ ಚುಕ್ಕೆ ಇರುವುದಿಲ್ಲ. ನಮ್ಮ ಶಾಲೆಯ ವಿಜ್ಞಾನದ ಗುರುಗಳು ಇದನ್ನು ತರಗತಿಯಲ್ಲಿ ಮಾಡಿಸಿ, ಮಕ್ಕಳಿಗೆ ತಂತಮ್ಮ ಮನೆಯ ಹರವಿಯ ನೀರು ತಂದು ನೋಡಲು ಹೇಳಿದರು. ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ಆ ಜೀವಿಯ ಒಂಟಿ ಕಣ್ಣು ಕಂಡ ಮಕ್ಕಳು ಅಂದು ಸಂಜೆ ಮನೆಗೆ ಹೋಗಿ ಮಾಡಿದ ಪ್ರಚಾರವನ್ನು ನಾವು ಹತ್ತು ಸಲ ಡಂಗುರ ಸಾರಿಸಿದ್ದರೂ ಮಾಡಲಾಗುತ್ತಿರಲಿಲ್ಲ. ಸಂಜೆ ಬಾವಿಕಟ್ಟೆಯಲ್ಲಿ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು “ನಿನ್ನ ಕೊಡಕ್ಕ ಬಟ್ಟಿ ಎಲ್ಲೈತಿ?” ಎಂದು ಕೇಳುವುದು ಶುರುವಾಯಿತು.

ಇನ್ನೊಂದು ತೊಡಕು ಕಾಲದ್ದು. ಈ ವರ್ಷ ತಪ್ಪದೆ ಸೋಸಿದವರಿಗೂ ಹೋದ ವರ್ಷ ಕುಡಿದ ನೀರಿನಿಂದ ಈ ವರ್ಷ ಹುಳು ಬಂದೇ ಬರುತ್ತಿತ್ತು. “ಸೋಸಿ ಕುಡದ್ರೂ ಬಂತಲ್ಲ” ಎಂದು ಜನ ಬಟ್ಟೆ ಬಿಸಾಡಿದರೆ ಎಲ್ಲವೂ ಮುಗಿಯಿತು. ಅದಕ್ಕಾಗಿ ನಮ್ಮ ವೈದ್ಯಾಧಿಕಾರಿಗಳು ಮೊದಲೇ ಹೀಗೆ ಹೇಳಿ ಎಂದು ಕಲಿಸಿದ್ದರು: “ಈ ವರ್ಷ ಕೆಲವರಿಗೆ ಬರತದ, ಅದು ಹಿಂದಿನ ನೀರಿಂದು. ಮುಂದಿನ ವರ್ಷ ನೋಡ್ರಿ.” ಕೆಟ್ಟ ಸುದ್ದಿಯನ್ನು ಮುಂಚೆಯೇ ಹೇಳಿದ್ದರಿಂದ, ಅದು ನಿಜವಾದಾಗ ಜನ ನಮ್ಮನ್ನು ಹೆಚ್ಚು ನಂಬಿದರು. ಮರುವರ್ಷ ಹುಣ್ಣು ಕಡಿಮೆಯಾದಾಗ ಯಾರೂ ಏನೂ ಹೇಳಬೇಕಾಗಲಿಲ್ಲ.

ಮೆಟ್ಟಿಲು ಮುಚ್ಚಿದ್ದು

ಮೆಟ್ಟಿಲು ಬಾವಿಯನ್ನು ಮುಚ್ಚುವ ಮಾತು ಬಂದಾಗ ಊರಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಮದುವೆಯಾಗಿ ಬಂದ ಸೊಸೆ ಮೊದಲು ಗಂಗಾಪೂಜೆ ಮಾಡುವುದು ಆ ಮೆಟ್ಟಿಲ ಮೇಲೆ. ಹಬ್ಬಕ್ಕೆ ನೀರು ತರುವುದು ಅಲ್ಲಿಂದ. ಹಿರಿಯರು ಒಪ್ಪಲು ಹಿಂಜರಿದದ್ದು ಅಜ್ಞಾನದಿಂದಲ್ಲ, ತಮ್ಮ ಮುತ್ತಜ್ಜಂದಿರು ಕಟ್ಟಿದ್ದನ್ನು ತಾವು ಮುಚ್ಚುವುದು ಹೇಗೆ ಎಂಬ ಸಂಕಟದಿಂದ. ಕಡೆಗೆ ಪೂಜೆಯ ಗೂಡನ್ನು ಹಾಗೇ ಬಿಟ್ಟು, ನೀರಿಗೆ ಇಳಿಯುವ ದಾರಿಗೆ ಗೋಡೆ ಕಟ್ಟಿ, ಮೇಲೆ ರಾಟೆ ಹಾಕುವುದೆಂದು ತೀರ್ಮಾನವಾಯಿತು. ಮೆಟ್ಟಿಲಿಳಿದು ತುಂಬುವುದಕ್ಕಿಂತ ಸೇದುವುದು ತೋಳಿಗೆ ಕಷ್ಟ. ಆ ಕಷ್ಟ ಬಿದ್ದದ್ದು ಹೆಣ್ಣುಮಕ್ಕಳ ಪಾಲಿಗೆ. ಇದನ್ನೂ ಇತಿಹಾಸದಲ್ಲಿ ಬರೆದಿಡಬೇಕು.

ಬರೆದಿಡಬೇಕಾದ ಮತ್ತೊಂದು ಮಾತಿದೆ. ಆ ಬಾವಿಯ ಮೆಟ್ಟಿಲನ್ನು ಎಲ್ಲರೂ ತುಳಿಯುವಂತಿರಲಿಲ್ಲ. ಕೇರಿಯ ಜನ ಊರ ಹೊರಗಿನ ಹೊಂಡದ ನೀರು ಕುಡಿಯುತ್ತಿದ್ದರು, ಹುಣ್ಣು ಅಲ್ಲಿಯೇ ಹೆಚ್ಚು. ಮೊದಲ ಬೋರಿಂಗು ಎಲ್ಲಿ ಕೊರೆಯಬೇಕು ಎಂಬ ಪ್ರಶ್ನೆ ಎದ್ದಾಗ ಅಗಸಿಯ ಮುಂದೆ ಎಂದವರೇ ಬಹಳ. ಆಗ ವೈದ್ಯಾಧಿಕಾರಿಗಳು ನ್ಯಾಯದ ಮಾತಿನ ಜೊತೆ ಲೆಕ್ಕದ ಮಾತನ್ನೂ ಆಡಿದರು. ಕೇರಿಯವರು ನಿಮ್ಮ ಹೊಲಕ್ಕೆ ಬರುತ್ತಾರೆ, ನೀವು ಹೊಲದ ಹಳ್ಳದ ನೀರು ಕುಡಿಯುತ್ತೀರಿ. ಒಂದೇ ಒಂದು ಹುಣ್ಣಿನ ಕಾಲು ನೀರಿಗೆ ತಾಗಿದರೂ ಬರುವ ವರ್ಷ ರೋಗ ಊರೆಲ್ಲ ತಿರುಗುತ್ತದೆ. ಯಾರನ್ನು ಬಿಟ್ಟರೂ ಎಲ್ಲರನ್ನೂ ಬಿಟ್ಟಂತೆಯೇ. ಬೋರಿಂಗು ಕೇರಿಯಲ್ಲಿ ಬಿತ್ತು. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಊರಿನವರೂ ಕೊಡ ಹಿಡಿದು ಅಲ್ಲಿಗೇ ಹೋದರು. ಇದರಿಂದ ಭೇದಭಾವವೆಲ್ಲ ಕರಗಿತು ಎಂದು ನಾನು ಬರೆದರೆ ಅದು ಸುಳ್ಳು. ಆದರೆ ಪಾಳಿಯಲ್ಲಿ ಕೊಡಗಳು ಒಂದರ ಹಿಂದೊಂದು ನಿಂತದ್ದು ನಿಜ.

ಕೊನೆಯ ರೋಗಿ

ರೋಗಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಕಡಿಮೆಯಾದಷ್ಟೂ ಹುಡುಕಾಟ ಬಿಗಿಯಾಯಿತು. ರೋಗಿಯ ಸುದ್ದಿ ಕೊಟ್ಟವರಿಗೆ ಬಹುಮಾನ ಸಾರಿದರು. ಭಾರತದ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೆ ಮೂರು ವರ್ಷ ಬಿಡದೆ ಹುಡುಕಿದರೂ ಒಬ್ಬರೂ ಸಿಗಲಿಲ್ಲ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶ ಎಂದು ಪ್ರಮಾಣೀಕರಿಸಿತು. ಸಿಡುಬಿನ ನಂತರ ಈ ದೇಶದಿಂದ ಪೂರ್ತಿ ಹೋದ ಎರಡನೆಯ ರೋಗ ಇದು. ಸಿಡುಬನ್ನು ಲಸಿಕೆ ಓಡಿಸಿತು. ನಾರುಹುಣ್ಣನ್ನು ಓಡಿಸಿದ್ದು ಬಟ್ಟೆ, ಗೋಡೆ, ಕೈಪಂಪು ಮತ್ತು ಜನರ ತಿಳಿವಳಿಕೆ.

ಲೋಕದಲ್ಲೂ ಇದು ಕೊನೆಯ ಹಂತದಲ್ಲಿದೆ. 1986ರಲ್ಲಿ ಆಫ್ರಿಕಾ ಮತ್ತು ಏಷ್ಯಾದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ರೋಗಿಗಳಿದ್ದರು ಎಂಬ ಅಂದಾಜಿದೆ. 2023ರಲ್ಲಿ ಇಡೀ ಜಗತ್ತಿನಲ್ಲಿ ದಾಖಲಾದವರು 14 ಜನ. ಚಾಡ್ ಮುಂತಾದ ದೇಶಗಳಲ್ಲಿ ನಾಯಿಗಳಿಗೂ ಈ ಹುಳು ತಗಲುತ್ತಿರುವುದರಿಂದ ಕೊನೆಯ ಹೆಜ್ಜೆ ತಡವಾಗುತ್ತಿದೆ.

ಇಂದಿಗೆ ಇದರ ಪಾಠ

ಗುರುಗಳು ಪಾಠದ ಕೊನೆಗೆ ಮುಖ್ಯಾಂಶ ಬರೆಸುತ್ತಿದ್ದರು. ನಾನೂ ಹಾಗೆ ನಾಲ್ಕು ಮಾತು ಬರೆಯುತ್ತೇನೆ.

ಒಂದು, ಪ್ರತಿ ಉಪಾಯಕ್ಕೂ ಅದರ ಮಿತಿ ಇದೆ. ಮಡಚಿದ ಬಟ್ಟೆ ಸೈಕ್ಲಾಪ್ಸನ್ನು ತಡೆಯುತ್ತದೆ. ವಾಂತಿಭೇದಿ, ಟೈಫಾಯ್ಡ್ ತರುವ ಸೂಕ್ಷ್ಮಾಣುಗಳನ್ನು ನಂಬುವಷ್ಟು ತಡೆಯದು. ಅದಕ್ಕೆ ನೀರು ಕುದಿಸಬೇಕು ಅಥವಾ ಕ್ಲೋರಿನ್ ಹಾಕಬೇಕು.

ಎರಡು, ನಿನ್ನೆಯ ಪರಿಹಾರದಲ್ಲಿ ಇಂದಿನ ಸಮಸ್ಯೆ ಇರಬಹುದು. ನಾರುಹುಣ್ಣು ಓಡಿಸಿದ ಬೋರಿನ ನೀರಿನಲ್ಲೇ ನಮ್ಮ ಸೀಮೆಯ ಹಲವು ಊರುಗಳಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಬಹಳ ಹೆಚ್ಚಾದರೆ ಎಲುಬು ಬಿಗಿಯುತ್ತದೆ. ಇದು ಕಣ್ಣಿಗೆ ಕಾಣದು, ರುಚಿಗೆ ಸಿಗದು, ಕುದಿಸಿದರೂ ಹೋಗದು. ಪರೀಕ್ಷೆಯೊಂದೇ ದಾರಿ. ಊರಿನ ಪ್ರತಿ ಬೋರಿನ ನೀರನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಸಬೇಕು.

ಮೂರು, ಮನೆಯಲ್ಲಿರುವ ವಸ್ತುವಿನಿಂದ ಮಾಡಬಹುದಾದ ಸಲಹೆಯೇ ಮನೆಯೊಳಗೆ ಉಳಿಯುತ್ತದೆ. ಉದಾಹರಣೆಗೆ, ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಕೈಗೆ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತ ದವಾಖಾನೆಗೆ ಕರೆದೊಯ್ಯಿರಿ. ಉಪ್ಪಿನ ಅಳತೆ ಮಾತ್ರ ಹೆಚ್ಚಾಗಬಾರದು.

ನಾಲ್ಕು, ಯಾರೇ ಆರೋಗ್ಯದ ಸಲಹೆ ಕೊಟ್ಟರೂ, ಮೊಬೈಲಿನಲ್ಲಿ ಬಂದರೂ, ಬಿಳಿ ಕೋಟಿನವರೇ ಹೇಳಿದರೂ, “ಅದು ಹ್ಯಾಂಗ ಕೆಲಸ ಮಾಡತದ?” ಎಂದು ಕೇಳಿರಿ. ಬಾವಿಯ ನೀರಿನ ಲೋಟವನ್ನು ಬಿಸಿಲಿಗೆ ಎತ್ತಿ ಹಿಡಿದಂತೆ ತೋರಿಸಬಲ್ಲವರ ಮಾತನ್ನು ನಂಬಿರಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಾರುಹುಳುವನ್ನು ಕಡ್ಡಿಗೆ ಸುತ್ತಿ ತೆಗೆದ ಕೈಗಳು, ಆ ನೋವು ಉಂಡ ಕಾಲುಗಳು ಇನ್ನೂ ಕೆಲವು ನಮ್ಮ ಊರುಗಳಲ್ಲಿವೆ. ಅವರಿಗೆ ಎಪ್ಪತ್ತು, ಎಂಬತ್ತು ದಾಟಿದೆ. ಈಗಿನ ಮಕ್ಕಳು ಗುರುಗಳ ಮಾರ್ಗದರ್ಶನದಲ್ಲಿ ಅವರ ಬಳಿ ಕುಳಿತು, ಅವರು ಹೇಳಿದ್ದನ್ನು ಬರೆದು ಶಾಲೆಯ ಗ್ರಂಥಾಲಯದಲ್ಲಿ ಇಡಲಿ. ಗೋಡೆ ಕಟ್ಟಿದ ಆ ಹಳೆಯ ಬಾವಿಯಲ್ಲಿ ಈಗ ಕಸ ತುಂಬಿದೆ. ಅದನ್ನು ಶುಚಿ ಮಾಡಿಸಿ, ಇಲ್ಲಿ ಏನು ನಡೆಯಿತು ಎಂದು ಒಂದು ಫಲಕ ಹಾಕಿಸಲು ನನ್ನಿಂದಾದ ಸಹಾಯ ಮಾಡುತ್ತೇನೆ. ಉಳಿದವರೂ ಕೈ ಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸೂಕ್ಷ್ಮದರ್ಶಕವೊಂದನ್ನು ಎಲ್ಲರ ಮನೆಯ ನೀರಿಗೆ ತೆರೆದಿಟ್ಟ ನಮ್ಮ ಶಾಲೆಗೂ, ಅಲ್ಲಿ ಕಲಿಸಿದ ಗುರುಗಳಿಗೂ ನನ್ನ ನಮಸ್ಕಾರಗಳು.